ವಾಯಿದೆ ಬೇಡುವ ವಾದಿ

ಕಿರ್ರ್… ಕಿರ್ರ್… ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನನ್ನ ಮೈದುನ ಕೋರ್ಟಿಗೆಂದೇ ಮೀಸಲಿಟ್ಟಿದ್ದ ತೊಗಲಿನ ಚಪ್ಪಲಿಯ ಸದ್ದು. ಮದುವೆಯಾಗಲಿಲ್ಲ, ನಾಯಿ ಸಾಕಲಿಲ್ಲ. ಆ ಮನುಷ್ಯ ಸಾಕಿದ್ದು ಒಂದು ಕೇಸು! ಇಡೀ ರಾಯಚೂರು ಜಿಲ್ಲೆಯಲ್ಲಿ ತನ್ನ ಕೇಸು ತಾನೇ ಗೆದ್ದುಬಿಟ್ಟೇನೆಂದು ಹೆದರುತ್ತಿದ್ದ ವಾದಿ ಅವನೊಬ್ಬನೇ ಇರಬೇಕು.

ದೇವದುರ್ಗದ ಹಳೇ ಮನೆ ಅವನ ಪಾಲಿಗೆ ಬಂದಿತ್ತು. ಮಾನ್ವಿಯ ಬಟ್ಟೆ ಅಂಗಡಿಯ ಭಾಯಿಯೊಬ್ಬರಿಗೆ ಅದನ್ನು ಮಾರಿದ. ಹಿಂದಿನ ಖೋಲಿಯಲ್ಲಿ ಇವನ ಅಕ್ಕ, ಗಂಡ ಸತ್ತ ಮುದುಕಿ, ಒಬ್ಬಳೇ ಇದ್ದಳು. ಅದಕ್ಕೇ ಒಂದು ಕಂಡೀಷನ್: ಖೋಲಿ ಖಾಲಿ ಮಾಡಿಕೊಟ್ಟ ಮೇಲೆ ಬಾಕಿ ಹಣ. ಆ ಬಾಕಿಗೆ ಭದ್ರತೆಯೆಂದು ಭಾಯಿ ಅದೇ ಮನೆಯನ್ನು ಇವನಿಗೆ ಅಡಮಾನ ಬರೆದುಕೊಟ್ಟರು. ಪರ್ಫೆಕ್ಟ್ಲಿ ಸಿಂಪಲ್! ಅಕ್ಕನನ್ನು ರಾಯಚೂರಿಗೆ ಕರೆತಂದರೆ ಮುಗಿಯಿತು.

ಈ ಮಹಾಶಯ ಏನು ಮಾಡಿದ ಗೊತ್ತೇ? ಖೋಲಿ ಬಿಡಿಸದೆಯೇ, ಬಾಕಿ ಈಗಲೇ ಕೊಡಲಿ, ಇಲ್ಲವೇ ಅಡಮಾನದ ಮನೆ ಹರಾಜಾಗಲಿ ಎಂದು ದಾವೆ ಹೂಡಿದ! ಇಂಥ ಲಾಜಿಕ್ ನಮ್ಮ ಕಾನ್ವೆಂಟಿನಲ್ಲಿ ತೋರಿಸಿದ್ದರೆ ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ತೀರ್ಪು ಬರುವವರೆಗೆ ಮನೆ, ಖೋಲಿ ಎಲ್ಲ ಇದ್ದಂತೆಯೇ ಇರಲಿ ಎಂದಿತು ಕೋರ್ಟು. ಇವನು ಹಿಗ್ಗಿ ಹೀರೇಕಾಯಿಯಾದ.

ಒಮ್ಮೆ ನಾನೂ ಅವನ ಜೊತೆ ದೇವದುರ್ಗದ ಕೋರ್ಟಿಗೆ ಬಸ್ಸು ಹತ್ತಿದೆ. ಕಲ್ಮಲದಲ್ಲಿ ಇಳಿದು ತಟ್ಟೆ ತುಂಬ ಮಿರ್ಚಿ ತಿಂದ.

"ವಯಸ್ಸಿಗೆ ತಕ್ಕಂಗ ತಿನ್ನೋ, ಹೊಟ್ಟಿ ಕೆಡ್ತದ!"

"ಕೆಡಲಿ ವೈನಿ. ಕೋರ್ಟಿನಾಗ ಸುಳ್ಳು ಹೇಳಬಾರದು."

ಅರ್ಥವಾಗಲಿಲ್ಲ. ಕೋರ್ಟಿನಲ್ಲಿ ಅರ್ಥವಾಯಿತು.

"ವಾಯಿದಿ ಕೊಡ್ರಿ ಸಾಹೇಬ್ರೇ, ಮುಂದಿನ ತಾರೀಖು ಹಾಕ್ರಿ."

"ದಾವೆ ಹಾಕಿದವರು ನೀವೇ, ವಾಯಿದೆ ಕೇಳುವವರೂ ನೀವೇ! ಈ ಸಲ ಏನು ಕಾರಣ?" ಎಂದರು ಜಡ್ಜ್.

"ಹೊಟ್ಟಿ ಕೆಟ್ಟದ್ರಿ."

ಮುಖ ನೋಡಿದರೇ ಸಾಕಿತ್ತು, ಬೇರೆ ಸಾಕ್ಷಿ ಬೇಕಿರಲಿಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಹೌ ಡಿಸ್‌ಗ್ರೇಸ್‌ಫುಲ್!

ಹೊರಗೆ ಭಾಯಿ ಅಡ್ಡ ಬಂದರು. "ಅರೇ ಚಾಚಾ, ಪೈಸಾ ತಯಾರ್ ಅದ. ಖೋಲಿ ಕೊಡ್ರಿ, ಕಿಸ್ಸಾ ಖತಂ!"

"ಕೋರ್ಟಿನಾಗ ಇದ್ದ ಮಾತು ರಸ್ತಾದಾಗ ಆಡಬಾರದ್ರೀ" ಎಂದು ಇವನು ಕಿರ್ರ್ ಕಿರ್ರೆಂದು ನಡೆದೇಬಿಟ್ಟ. ಪಾಪ, ಭಾಯಿ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

ಹಳೇ ಮನೆಯ ಓಣಿಯ ತಿರುವಿಗೆ ಬರುತ್ತಲೇ ಆ ಖೋಲಿಯೊಳಗಿಂದ ಅಕ್ಕನ ದನಿ ಕೇಳಿತು. ಅಷ್ಟರಲ್ಲಾಗಲೇ ಕಣ್ಣು ಹೋಗಿದ್ದ ಅವಳಿಗೆ ಆ ಚಪ್ಪಲಿಯ ಸದ್ದೇ ಗುರುತು.

"ಬಂದೇನೋ ತಮ್ಮಾ? ಗೆದ್ದೇನು?"

"ಇಲ್ಲಬೇ ಅಕ್ಕಾ, ವಾಯಿದಿ ಸಿಕ್ತು."

"ಛಲೋ ಆತು. ರೊಟ್ಟಿ ಬಿಸಿ ಅದ, ಕೂಡು."

ಅಕ್ಕ ತಮ್ಮ ಇಬ್ಬರಿಗೂ ತಲೆ ಕೆಟ್ಟಿದೆ ಎಂದು ನಾನು ಅಲ್ಲೇ ಜಜ್‌ಮೆಂಟ್ ಕೊಟ್ಟೆ. ವಾಪಸು ಬರುವಾಗ ಬಸ್ಸಿನಲ್ಲಿ ತಡೆಯಲಾಗಲಿಲ್ಲ.

"ಗೆಲ್ಲೋ ಮನಸ್ಸಿಲ್ಲಂದ್ರ ಕೇಸ್ ಯಾಕ ಹಾಕಿದ್ಯೋ, ಸಿಲ್ಲಿ ಫೆಲೋ?"

"ಗೆಲ್ಲಬಾರದು, ಸೋಲಬಾರದು ವೈನಿ. ಕೇಸ್ ನಡದಿರಬೇಕು. ಮಾರೋವಾಗ ಅಕ್ಕ ರಾಯಚೂರಿಗೆ ಬರ್ತೀನಿ ಅಂದಿದ್ಲು. ಆಮ್ಯಾಲ ಕಣ್ಣು ಹೋದವು. ಆ ಖೋಲಿಯಾಗಾದ್ರ ಗೋಡಿ ಸವರಿಕೋತ ಒಲಿ ತನಕ ಹೋಗ್ತಾಳ. ನನ್ನ ಮನ್ಯಾಗ ಯಾವ ಗೋಡಿ ಹಿಡೀಬೇಕು ಆಕಿ?"

ನಾನು ಕಿಟಕಿಯ ಕಡೆ ತಿರುಗಿದೆ. ಆದರೂ ಕೇಳುತ್ತೇನೆ: ಈ ಮಾತನ್ನು ಭಾಯಿಯ ಹತ್ತಿರವೇ ಆಡಿದ್ದರೆ ನಾಲಿಗೆ ಸವೆಯುತ್ತಿತ್ತೇ? ಒಬ್ಬ ಮನುಷ್ಯನ ಮುಂದೆ ಬಾಯಿ ಬಿಡುವುದಕ್ಕಿಂತ ಕೋರ್ಟು ಅಲೆಯುವುದೇ ಸಲೀಸು ಎನ್ನುವ ಗಂಡಸರಿಗೆ ಏನೆನ್ನಬೇಕು!

ಮುಂದಿನ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ಆ ಸಲ ಕೋರ್ಟಿನಲ್ಲಿ ಜಡ್ಜ್ ತಾವೇ ನಕ್ಕು, "ವಾಯಿದೆ ತಾನೇ?" ಎಂದರಂತೆ.

"ಬ್ಯಾಡ್ರಿ. ಖೋಲಿ ಖಾಲಿ ಆತ್ರಿ."

ಭಾಯಿ ಬಾಕಿ ತೀರಿಸಿದರು, ಅಡಮಾನ ಬಿಡುಗಡೆಯಾಯಿತು. ಬೀಗದ ಕೈ ಒಪ್ಪಿಸುವ ದಿನ ನಾನೂ ಹೋಗಿದ್ದೆ. ನನ್ನ ಮೈದುನನನ್ನು ಕೊನೆಯ ಸಲ ನೋಡಿದ್ದು ಅಂದೇ. ಓಣಿಯ ತಿರುವಿನಲ್ಲಿ ಅವನು ತಟ್ಟನೆ ನಿಂತ. ಬಗ್ಗಿ ಚಪ್ಪಲಿ ಕಳಚಿ ಕೈಗೆತ್ತಿಕೊಂಡ. ಆಮೇಲೆ ಆ ಸುಡುವ ಹಾಸುಗಲ್ಲಿನ ಮೇಲೆ, ಬರಿಗಾಲಲ್ಲಿ, ಒಂಚೂರೂ ಸದ್ದಾಗದಂತೆ ಖೋಲಿಯ ಕಡೆ ನಡೆದ.