ತಂತಿಯಿಲ್ಲದ ಹದಿನೇಳನೆಯ ಗುಂಡಿಗೆ

ಮಾನ್ಯರೇ,

ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಮೇಜಿನ ಬಲತುದಿಯಲ್ಲಿ, ದುಡಿದು ದಣಿದ ಹದಿನಾರು ಸಹೋದ್ಯೋಗಿಗಳ ಪಕ್ಕದಲ್ಲಿ, ಅವರೆಲ್ಲರಿಗಿಂತ ಹೆಚ್ಚು ಸವೆದು ಹೊಳೆಯುತ್ತ ಕುಳಿತಿರುವ ತಮಗೆ, ನಾಲ್ಕು ಜನರ ರಾಕ್ ಬ್ಯಾಂಡೊಂದರ ಬೇಸ್ ಗಿಟಾರ್ ವಾದಕನ ಸವಿನಯ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೆ ಯಾವ ತಂತಿಯ ಸಂಪರ್ಕವೂ ಇಲ್ಲವೆಂದು ಈಚೆಗೆ ತಿಳಿದುಬಂದಿರುವುದರಿಂದ, ತಮ್ಮ ಕ್ಷೇಮಕ್ಕೆ ಧಕ್ಕೆ ಬರುವ ಸಂಭವವೂ ಕಡಿಮೆ.

ನನ್ನ ಹೆಬ್ಬೆರಳಿನ ಪರಿಚಯ ತಮಗೆ ಚೆನ್ನಾಗಿಯೇ ಇದೆ. ಆದರೂ ಇದು ಬಹಿರಂಗ ಪತ್ರವಾದ್ದರಿಂದ ಉಳಿದವರಿಗಾಗಿ ಹೇಳಿಕೊಳ್ಳುತ್ತೇನೆ. ಹಗಲಿನಲ್ಲಿ ನನ್ನದು ಕನ್ನಡಕದ ಅಂಗಡಿ. ನಮ್ಮ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವಳು ನನ್ನ ಅಕ್ಕ, ವೃತ್ತಿಯಿಂದ ಪಶುವೈದ್ಯೆ. ಗಿಟಾರ್ ನುಡಿಸುವವರು ಅವಳ ಗಂಡ, ಅಂದರೆ ನನ್ನ ಭಾವ. ಜನರಿಗೆ ಕಾರು ಓಡಿಸಲು ಕಲಿಸುತ್ತಾರೆ. ಹಾಡುವವನನ್ನು ನಾವು ‘ಗಂಟಲು’ ಎಂದೇ ಕರೆಯುವುದು. ಅವನು ರೈಲು ನಿಲ್ದಾಣದಲ್ಲಿ ಪ್ರಕಟಣೆ ಓದುವವನಾದ್ದರಿಂದ, ತನ್ನ ದನಿ ಎಲ್ಲರಿಗೂ ಕೇಳಿಸಬೇಕು, ಆದರೆ ಯಾರಿಗೂ ಅರ್ಥವಾಗಬೇಕಾದ ಅಗತ್ಯವಿಲ್ಲ ಎಂಬ ನಂಬಿಕೆ ಅವನಲ್ಲಿ ಬೇರೂರಿದೆ.

ನಮ್ಮ ಮೊದಲ ಹಾಡನ್ನು ತಮ್ಮ ಸ್ಟುಡಿಯೋದಲ್ಲಿ ನುಡಿಸಿ ಮುಗಿಸಿದ ದಿನ, ನಾಲ್ವರೂ ಕೂತು ಅದನ್ನು ಇದ್ದದ್ದು ಇದ್ದ ಹಾಗೆ ಕೇಳಿದೆವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಗೆ ರಾಗ ಹಾಕಿದಂತಿತ್ತು. ಪ್ರತಿಯೊಬ್ಬರಿಗೂ ತನ್ನದೊಂದೇ ಕೇಳಿಸುತ್ತಿಲ್ಲ, ಉಳಿದ ಮೂವರದ್ದೂ ಅತಿಯಾಯಿತು ಅನ್ನಿಸಿತು. ನಾನು ಬಾಯಿ ತಡೆಯದೆ ಅಕ್ಕನಿಗೆ, “ನಿನ್ನ ಡ್ರಮ್ಮು ಅಟ್ಟದಿಂದ ಪಾತ್ರೆ ಬಿದ್ದ ಹಾಗಿದೆ” ಅಂದೆ. ಅವಳು, ಹಸುವಿಗೆ ಸೂಜಿ ಚುಚ್ಚುವ ಮುಂಚೆ ಬಳಸುವ ಆ ಮೆತ್ತನೆಯ ದನಿಯಲ್ಲಿ, “ನಿನ್ನ ಬೇಸು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಬಿಡೋ” ಅಂದಳು.

ಅಲ್ಲಿಂದ ನಾಲ್ಕು ತಿಂಗಳು ನಮ್ಮಿಬ್ಬರ ನಡುವೆ ಮಾತು ನಿಂತುಹೋಯಿತು. ಅತ್ತಿಂದಿತ್ತ ಸುದ್ದಿ ಸಾಗಿಸಿ ಭಾವ ಸೊರಗಿದರು. ಬ್ಯಾಂಡ್ ಮುಗಿದ ಕತೆ ಎಂದು ಗಂಟಲು, ಮೂರು ಸಲ, ಪ್ರಕಟಿಸಿಯೂಬಿಟ್ಟ. ಬ್ಯಾಂಡ್ ಹೋದರೆ ಹೋಗಲಿ ಎನ್ನಬಹುದಿತ್ತು, ಆದರೆ ನನಗಿರುವುದು ಒಬ್ಬಳೇ ಅಕ್ಕ. ಅವಳ ಮನೆಗೆ ಹೋಗದ ಭಾನುವಾರಗಳನ್ನು ಏನು ಮಾಡಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ. ಹಾಗೆಂದು ನಾನೇ ಮೊದಲು ಮಾತಾಡುವಷ್ಟು ದೊಡ್ಡ ಮನಸ್ಸನ್ನು ದೇವರು ನನಗೆ ಕೊಟ್ಟಿರಲಿಲ್ಲ.

ಇಂಥ ಹೊತ್ತಿನಲ್ಲಿ, ಹಾಡಿನ ಮಿಕ್ಸಿಂಗ್ ನೋಡಿಕೊಳ್ಳುವ ತಮ್ಮ ಯಜಮಾನರು ನಮ್ಮನ್ನು ಒಬ್ಬೊಬ್ಬರನ್ನಾಗಿ, ಬೇರೆ ಬೇರೆ ದಿನ ಕರೆಸಿಕೊಂಡರು. ಯಾವ ಮಾತಿಗೂ “ಹೂಂ” ಎಂದಷ್ಟೇ ಹೇಳುವ ಈ ಮಹನೀಯರು ನನ್ನ ಹದಿನೈದು ನಿಮಿಷದ ಅಹವಾಲಿಗೆ ಒಂದೇ ಒಂದು “ಹೂಂ” ದಯಪಾಲಿಸಿ, ಹದಿನೇಳನೆಯ ಗುಂಡಿಯಾದ ತಮ್ಮತ್ತ ಬೆರಳು ತೋರಿಸಿ, “ನಿಮ್ಮ ಬೇಸು ಇದರಲ್ಲಿದೆ, ನೀವೇ ಸರಿಮಾಡ್ಕೊಳಿ” ಅಂದರು. ನಾನು ತಮ್ಮನ್ನು ತಿರುಗಿಸಿದೆ. ಅಬ್ಬಾ! ಬೇಸ್ ಮೇಲೆದ್ದು ಬಂತು. ಸ್ವಲ್ಪ ಹೆಚ್ಚಾಯಿತೇನೋ ಎಂಬ ಸಂಕೋಚದಿಂದ ಒಂದು ಕೂದಲೆಳೆಯಷ್ಟು ಹಿಂದಕ್ಕೂ ತಿರುಗಿಸಿ, “ಈಗ ಸರಿಯಾಯ್ತು” ಎಂದು ಉಸಿರುಬಿಟ್ಟೆ. ಆ ಉಸಿರಿನ ಜೊತೆ ನನ್ನ ಕಿವಿಯಲ್ಲಿ ಕೂತಿದ್ದ ‘ನಾನು’ ಎಂಬುದೂ ಹೊರಗೆ ಹೋಯಿತೋ ಏನೋ, ಮೊದಲ ಬಾರಿಗೆ ಅಕ್ಕ ಕಾಲಿನಿಂದ ಬಾರಿಸುವ ಡ್ರಮ್ಮು ಕೇಳಿಸಿತು. ನನ್ನ ಒಂದೊಂದು ಸ್ವರ ಬೀಳುವ ಜಾಗದಲ್ಲಿ ಅದು ಮೊದಲೇ ಬಂದು ಕಾದು ನಿಂತಂತಿತ್ತು. ಆ ಸಂಜೆಯೇ ಅವಳಿಗೆ ಫೋನ್ ಮಾಡಿ, “ಅಕ್ಕಾ, ನಿನ್ನ ಡ್ರಮ್ ತುಂಬಾ ಚೆನ್ನಾಗಿದೆ” ಅಂದೆ. ಅವಳು, “ಊಟ ಆಯ್ತಾ?” ಅಂದಳು. ಆ ಭಾನುವಾರದಿಂದ ಎಲ್ಲವೂ ಮೊದಲಿನಂತಾಗಿ ಈಗ ಒಂದು ವರ್ಷವಾಯಿತು.

ಇಷ್ಟು ಉಪಕಾರ ಮಾಡಿದವರ ಮೇಲೆ ದೂರೇನು ಎಂದು ತಾವು ಕೇಳಬಹುದು. ಕಳೆದ ವಾರ, ಎರಡನೆಯ ಹಾಡಿನ ಮಾತುಕತೆಗೆಂದು ಬಂದಾಗ, ನನ್ನ ಪೆನ್ನು ಉರುಳಿ ತಮ್ಮ ಮೇಜಿನ ಹಿಂದೆ ಬಿತ್ತು. ಬಗ್ಗಿ ನೋಡಿದರೆ ಹದಿನಾರು ಗುಂಡಿಗಳಿಗೆ ಹದಿನಾರು ತಂತಿಗಳು, ತಮ್ಮ ಬೆನ್ನು ಮಾತ್ರ ಬೋಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ಕನ್ನಡಕ ಮಾರುವವನಿಗೆ ಕುಲಧರ್ಮವಾದ್ದರಿಂದ, ಟಾರ್ಚ್ ಹಾಕಿಯೂ ನೋಡಿದೆ. ಸಿಕ್ಕಿಬಿದ್ದ ಯಜಮಾನರು ಅಂದು ತಮ್ಮ ಜೀವಮಾನದ ಅತಿ ದೀರ್ಘ ಭಾಷಣ ಮಾಡಿದರು: “ನಾಲ್ಕು ಜನಾನೂ ತಿರುಗಿಸಿದ್ದು ಇದನ್ನೇ. ನೀವು ಬರೋ ಹೊತ್ತಿಗೆ ಹಾಡಿನ ಮಿಕ್ಸಿಂಗ್ ಎಲ್ಲಾ ಮುಗಿದಿತ್ತು. ಆಮೇಲೆ ನಾನು ಏನೂ ಮುಟ್ಟಿಲ್ಲ.”

ಅಂದರೆ, ಆ ಹಾಡನ್ನು ಮತ್ತೆ ಕಿವಿಗೊಟ್ಟು ಕೇಳಿ ನಾನು ಅರಿತಂತೆ, ನಾವು ಜಗಳವಾಡುತ್ತಿದ್ದ ನಾಲ್ಕು ತಿಂಗಳಲ್ಲಿ ಅವರು ಒಬ್ಬರೇ ಕೂತು, ಭಾವನ ಗಿಟಾರಿನ ನಡುಸ್ಥಾಯಿಯ ಗದ್ದಲವನ್ನು ಕತ್ತರಿಸಿ ಆ ಸಂದಿಯಲ್ಲಿ ಗಂಟಲಿಗೆ ದಾರಿ ಬಿಟ್ಟಿದ್ದರು. ಗಂಟಲಿನ ದನಿಯನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿದ್ದರಿಂದ, ಅವನು ಹಾಡನ್ನು ಹಿಡಿಯಲು ಓಡಿ ಬರುತ್ತಿರುವಂತೆ ಕೇಳಿಸಿ, ಅವನ ಜನ್ಮದಲ್ಲೇ ಮೊದಲ ಸಲ ಜನ ಹಾಡಿನ ಪದಗಳಿಗೆ ಕಿವಿಗೊಟ್ಟಿದ್ದರು. ನನ್ನ ಬೇಸನ್ನಂತೂ ಏರಿಸುವ ಬದಲು ಇಳಿಸಿ, ಅಕ್ಕನ ಕಾಲಿನ ಡ್ರಮ್ಮಿಗೆ ಕಟ್ಟಿಹಾಕಿದ್ದರು. ನಮ್ಮ ಬ್ಯಾಂಡಿನದೇ ವಿಶಿಷ್ಟ ನಾದವೆಂದು ನಾವು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದದ್ದು, ನಿಜವಾಗಿ ಹೂಂ ಎನ್ನುವ ಒಬ್ಬ ಮನುಷ್ಯನ ಎರಡು ಕಿವಿ.

ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವವರನ್ನು ಕೇಳಿ ಬಲ್ಲೆ, ಗಾಳಿ ತಿರುಗಿಸಿ ಸುಖಪಟ್ಟವನು ನಾನೊಬ್ಬನೇ ಇರಬೇಕು. ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಸಿಟ್ಟನ್ನು ಪೂರ್ತಿ ಬೆಳೆಸುವಂತೆಯೂ ಇರಲಿಲ್ಲ, ಏಕೆಂದರೆ ನನ್ನ ಅಂಗಡಿಯಲ್ಲಿ ಯಾವ ಗಾಜಿಗೂ ಒಪ್ಪದ ಗಿರಾಕಿಗೆ ನಾನು ಮೊದಲಿನ ಗಾಜನ್ನೇ ತೆಗೆದು, ಒರೆಸಿ, ಮತ್ತೆ ಹಾಕಿ, “ಈಗ ನೋಡಿ” ಎಂದು ಕೇಳುತ್ತೇನೆ, ಅವರೂ “ಹಾಂ, ಈಗ ಸರಿಹೋಯ್ತು” ಎಂದು ಸಂತೋಷದಿಂದ ಹೋಗುತ್ತಾರೆ.

ಆದ್ದರಿಂದ ದೂರನ್ನು ಹಿಂದಕ್ಕೆ ಪಡೆಯದೆಯೇ ಕೆಲವು ಮನವಿಗಳನ್ನು ಸಲ್ಲಿಸುತ್ತಿದ್ದೇನೆ. ತಮ್ಮ ವಂಶದವರೊಬ್ಬರನ್ನು ದಯವಿಟ್ಟು ಭಾವನ ಕಾರಿನ ಸ್ಟಿಯರಿಂಗ್ ಪಕ್ಕ ನೇಮಿಸಬೇಕು. ಕಲಿಯಲು ಬಂದವರು ಸ್ಟಿಯರಿಂಗ್ ಬಿಟ್ಟು ಅವರನ್ನೇ ತಿರುಗಿಸಿಕೊಂಡಿದ್ದರೆ ಊರಿನ ಕಂಬಗಳು ಉಳಿಯುತ್ತವೆ. ನಮ್ಮ ಮನೆಯ ಫ್ಯಾನಿಗೊಬ್ಬರು ಬೇಕು, ನನಗೆ ಸೆಖೆ, ಹೆಂಡತಿಗೆ ಚಳಿ. ಹಾಗೆಯೇ ತಾವು ಒಂದೇ ಒಂದು ದಿನದ ಮಟ್ಟಿಗಾದರೂ ತಂತಿ ಹಾಕಿಸಿಕೊಂಡು, ನನ್ನ ಬೇಸನ್ನು ನಿಜವಾಗಿಯೂ ಏರಿಸಿ, ಹಾಡು ಎಷ್ಟು ಕೆಡುತ್ತದೆಂದು ನನಗೊಬ್ಬನಿಗೇ ಕೇಳಿಸಬೇಕು.

ಉಳಿದದ್ದು ಒಂದೇ ಸಂಕಟ. ಸೋಮವಾರ ಎರಡನೆಯ ಹಾಡಿನ ಮಿಕ್ಸಿಂಗ್. “ಈ ಸಲ ನಾವಿಬ್ರೂ ಒಟ್ಟಿಗೇ ಹೋಗೋಣ, ಆದ್ರೆ ಆ ಗುಂಡಿ ಮೊದಲು ನನಗೆ” ಎಂದು ಅಕ್ಕ ಹಟ ಹಿಡಿದಿದ್ದಾಳೆ. ನಿಜ ಹೇಳಿದರೆ ಅವಳ ಸಂತೋಷಕ್ಕೆ ಕಲ್ಲು ಹಾಕಿದಂತೆ, ಮತ್ತೆ ನಾಲ್ಕು ತಿಂಗಳ ಮೌನ ಬಂದರೆ ನನ್ನಿಂದ ತಡೆಯಲಾಗದು. ಹೇಳದಿದ್ದರೆ ಒಡಹುಟ್ಟಿದವಳಿಗೆ ಮೋಸ. ಕೊನೆಗೆ ಈ ಬಹಿರಂಗ ಪತ್ರವನ್ನು ತಮ್ಮ ಬೆನ್ನಿಗೇ ಅಂಟಿಸುವುದೆಂದು ತೀರ್ಮಾನಿಸಿದ್ದೇನೆ. ಅಲ್ಲಿ ಬಗ್ಗಿ ನೋಡಿದವರಿಗೆ ನಿಜ ಹೇಗೂ ತಿಳಿದೇ ಇರುತ್ತದೆ.

ತಮ್ಮನ್ನು ಎಡಕ್ಕೂ ಬಲಕ್ಕೂ ಶ್ರದ್ಧೆಯಿಂದ ತಿರುಗಿಸಿದ,
ತಮ್ಮ ವಿಶ್ವಾಸಿ,
ಬೇಸ್ ವಾದಕ

ಮರೆತ ಮಾತು: ಪತ್ರ ಅಂಟಿಸಲು ಬಗ್ಗಿದಾಗ ತಮ್ಮ ಬೆನ್ನಿನ ಪಕ್ಕದಲ್ಲಿ, ಅಂದು ತಂತಿಯನ್ನಷ್ಟೇ ಹುಡುಕಿದ ನನ್ನ ಕಣ್ಣಿಗೆ ಬೀಳದಿದ್ದ, ಧೂಳು ಹಿಡಿದ ಇನ್ನೊಂದು ಚೀಟಿ ಕಂಡಿತು. ಪಶು ಆಸ್ಪತ್ರೆಯ ಔಷಧಿ ಬರೆಯುವ ಹಾಳೆ, ಅಕ್ಕನ ಅಕ್ಷರ, ಕಳೆದ ವರ್ಷ ನಾನು ಫೋನ್ ಮಾಡಿದ ಎರಡು ದಿನದ ನಂತರದ ತಾರೀಖು. “ಸಾರ್, ಇದಕ್ಕೆ ತಂತಿ ಇಲ್ಲ ಅಂತ ಗೊತ್ತಾಯ್ತು. ನನ್ನ ತಮ್ಮನಿಗೆ ಮಾತ್ರ ಹೇಳ್ಬೇಡಿ. ಇದನ್ನ ತಿರುಗಿಸಿದ ದಿನವೇ ಅವನು ನನ್ನ ಹತ್ರ ಮಾತಾಡಿದ್ದು.” ಒಂದು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡ ತಾವೂ ತಮ್ಮ ಯಜಮಾನರೂ ಸಾಮಾನ್ಯರಲ್ಲ. ನನ್ನ ಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡಿದ್ದೇನೆ. ಸೋಮವಾರ ಅವಳು ತಮ್ಮನ್ನು ತಿರುಗಿಸುತ್ತಾಳೆ, ಆಮೇಲೆ ನಾನು ತಿರುಗಿಸುತ್ತೇನೆ, ಇಬ್ಬರೂ “ಈಗ ಸರಿಯಾಯ್ತು” ಎನ್ನುತ್ತೇವೆ. ತಾವು ಮಾತ್ರ ದಯವಿಟ್ಟು ನಗಕೂಡದು.