ನನ್ನ ‘ಹೂಂ’ ಒಪ್ಪಿಗೆಯಲ್ಲ ಎಂದು ಬೇಕರಿಯ ಕಾರ್ಡ್ ಯಂತ್ರಕ್ಕೆ

ಬೀದಿ ಮೂಲೆಯ ಬೇಕರಿಯಲ್ಲಿ, ಗಾಜಿನ ಕಪಾಟಿನ ಎಡಕ್ಕೆ, ಸುರುಳಿ ವೈರಿನ ತುದಿಯಲ್ಲಿ ಸದಾ ಬೆಳಗುವ ಮುಖದಿಂದ ಕುಳಿತಿರುವ ಸನ್ಮಾನ್ಯ ಕಾರ್ಡ್ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ, ತಮ್ಮ ಹೊಟ್ಟೆಯೊಳಗಿನ ಕಾಗದದ ಸುರುಳಿ ಮುಗಿದಿಲ್ಲ, ಸಿಗ್ನಲ್ಲೂ ಚೆನ್ನಾಗಿ ಸಿಗುತ್ತಿದೆ ಎಂದು ನಂಬಿದ್ದೇನೆ. ಹೋದ ವಾರ ತಮ್ಮ ಮುಂದೆ ದಿನವೂ ಬಂದು, ಹಿಂದಿನವರಿಗೆ ದಾರಿ ಬಿಡುವ ನೆಪದಲ್ಲಿ ಪಕ್ಕಕ್ಕೆ ಸರಿದು ಸರಿದು ಕೊನೆಗೆ ಸಾಲಿನ ಬಾಲಕ್ಕೆ ಹೋಗಿ ನಿಲ್ಲುತ್ತಿದ್ದ ಕಂದು ಚೀಲದ ಹುಡುಗಿ ತಮಗೆ ನೆನಪಿರಲಾರಳು. ಆ ಹುಡುಗಿ ನಾನು. ಎದುರಿಗೆ ನಿಂತು ದೂರು ಹೇಳುವ ಧೈರ್ಯ ಮೊದಲಿನಿಂದಲೂ ನನಗಿಲ್ಲವಾದ್ದರಿಂದ, ಊರಿಗೆ ಮರಳಿದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ.

ತಮ್ಮ ಊರಿಗೆ ನಾನು ಬಂದದ್ದು ಚಿಕ್ಕಪ್ಪನ ಜೊತೆಯಲ್ಲಿ. ಚಿಕ್ಕಪ್ಪನದು ನಲ್ಲಿ, ಸಿಂಕು, ಟೈಲ್ಸುಗಳ ಅಂಗಡಿ. ತಮ್ಮಲ್ಲಿ ನಲ್ಲಿಗಳ ದೊಡ್ಡ ಪ್ರದರ್ಶನವೊಂದು ನಡೆಯುತ್ತದೆಂದು ತಿಳಿದು ಅವರು ಹೊರಟಾಗ, ಸಾಹಿತ್ಯದಲ್ಲಿ ಎಂ.ಎ. ಮಾಡಿ ಮನೆಯಲ್ಲಿ ಕುಳಿತಿದ್ದ ನನಗೆ ಇಂಗ್ಲಿಷ್ ಬರುತ್ತದೆ ಎಂಬ ವದಂತಿಯನ್ನು ನಂಬಿ, ದುಭಾಷಿಯಾಗಿ ಕರೆದುಕೊಂಡು ಬಂದರು. ಇದರ ಹಿಂದೆ ಇನ್ನೊಂದು ಏರ್ಪಾಡೂ ಇತ್ತು. ಬಸ್ ನಿಲ್ದಾಣದ ಹತ್ತಿರ ಅವರು ಎರಡನೇ ಅಂಗಡಿ ತೆರೆಯುವವರಿದ್ದಾರೆ. ಅದರ ಗಲ್ಲಾದಲ್ಲಿ ನಾನು ಕೂರುವುದೆಂದು ನಿಶ್ಚಯವಾಗಿತ್ತು. ನಿಶ್ಚಯವಾದದ್ದು ಹೇಗೆಂದರೆ, ಒಂದು ದಿನ ಊಟದ ಹೊತ್ತಿನಲ್ಲಿ ಅವರು ಆ ಅಂಗಡಿಯ ಕನಸನ್ನು ಉದ್ದಕ್ಕೂ ಹೇಳುತ್ತ ಹೋದರು, ನಾನು ಕಥೆ ಕೇಳುವವರ ಹಾಗೆ ಹೂಂಗುಟ್ಟುತ್ತ ಹೋದೆ, ಆ ಹೂಂಗಳಲ್ಲಿ ಒಂದು ಕೈತಪ್ಪಿ ಒಂದು ಪ್ರಶ್ನೆಯ ಮೇಲೆ ಬಿತ್ತು. ಮರುದಿನವೇ ನನ್ನ ಎತ್ತರಕ್ಕೆ ಹೊಂದುವ ತಿರುಗುವ ಕುರ್ಚಿ ಬಂದಿಳಿಯಿತು.

ಇತ್ತ ಒಂದು ಸಣ್ಣ ಪ್ರಕಾಶನದ ಒಡತಿ, ನಾನು ಗುಟ್ಟಾಗಿ ಹಾಕಿದ್ದ ಅರ್ಜಿಯನ್ನು ಮೆಚ್ಚಿ, ಕರಡು ತಿದ್ದುವ ಕೆಲಸ ಕೊಡುವುದಾಗಿಯೂ, ಬರುತ್ತೇನೋ ಇಲ್ಲವೋ ಶನಿವಾರದೊಳಗೆ ತಿಳಿಸಬೇಕೆಂದೂ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿಯೂ ಬರೆದಿದ್ದರು. ಸಂಬಳ ಹೇಳಿಕೊಳ್ಳುವಂಥದ್ದಾಗಿರಲಿಲ್ಲ, ಹಾಗಾಗಿ ನಾನು ಯಾರಿಗೂ ಹೇಳಿಕೊಂಡಿರಲಿಲ್ಲ. ಆ ಶನಿವಾರವನ್ನು ಚೀಲದ ತಳದಲ್ಲಿಟ್ಟುಕೊಂಡೇ ವಿಮಾನ ಹತ್ತಿದೆ.

ಹೊರದೇಶದಲ್ಲಿ ದುಡ್ಡನ್ನು ಎಲ್ಲಕ್ಕಿಂತ ಅಗ್ಗವಾಗಿ ಖರ್ಚು ಮಾಡುವ ಬಗೆ ಯಾವುದೆಂದು ನಮ್ಮ ಮನೆಯಲ್ಲಿ ಒಂದು ಇಡೀ ಭಾನುವಾರ ಸಭೆ ಸೇರಿತ್ತೆಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಅಜ್ಜಿ ನೋಟುಗಳನ್ನು ಲಂಗದ ಅಂಚಿನೊಳಗೆ ಹೊಲಿದು ಕೊಡುತ್ತೇನೆಂದು ಸೂಜಿಗೆ ದಾರ ಪೋಣಿಸಿಯೇ ಬಿಟ್ಟಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಸೋದರಮಾವ, ಮೊದಲೇ ಹಣ ತುಂಬಿಸಿಕೊಂಡು ಹೋಗುವ ಕಾರ್ಡನ್ನು ಎತ್ತಿ ಹಿಡಿದು, ಅದರಲ್ಲಿ ಮಿಕ್ಕ ಹಣವನ್ನು ವಾಪಸ್ ಪಡೆಯುವುದು ಹೇಗೆ ಎಂದು ಯಾರೋ ಕೇಳಿದಾಗ ಇನ್ನೊಂದು ಲೋಟ ಕಾಫಿ ಕೇಳಿದರು. ಹೊರದೇಶದ ಖರ್ಚಿಗೆ ಹೆಚ್ಚುವರಿ ಶುಲ್ಕ ಹಾಕದ ಕಾರ್ಡೊಂದಿದೆ, ಅದೇ ವಾಸಿ ಎಂದು ಅಣ್ಣ ಹೇಳಿದ. ಕೊನೆಗೆ ಚಿಕ್ಕಪ್ಪ ತೀರ್ಪು ಕೊಟ್ಟರು: “ಕೈಯಲ್ಲಿ ಸ್ವಲ್ಪ ನೋಟು ಇರಲಿ, ಉಳಿದದ್ದೆಲ್ಲ ಇವನು ಹೇಳಿದ ಕಾರ್ಡು. ಎಟಿಎಂನಿಂದ ದುಡ್ಡು ತೆಗೆಯೋದಾದ್ರೆ ಒಂದೇ ಸಲ ತೆಗೀಬೇಕು, ಅದು ಸಲಸಲಕ್ಕೂ ಶುಲ್ಕ ಕೀಳತ್ತೆ. ವಿಮಾನ ನಿಲ್ದಾಣದಲ್ಲಿ ದುಡ್ಡು ಬದಲಾಯಿಸಿಕೊಡ್ತೀನಿ, ಕಮಿಷನ್ ಇಲ್ಲ ಅಂತ ಬೋರ್ಡ್ ಹಾಕಿರೋನ ಹತ್ರ ಮಾತ್ರ ಸುಳಿಯೋದು ಬೇಡ, ಆ ಬೋರ್ಡ್ ಬರೆಸಿದ ದುಡ್ಡೂ ಅವನ ರೇಟಲ್ಲೇ ಇರತ್ತೆ.” ಇಷ್ಟೆಲ್ಲ ತಿಳಿದ ಆ ಸಭೆಯಲ್ಲಿ, ಮಾನ್ಯರೇ, ತಮ್ಮ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಕಾರ್ಡು ಎಷ್ಟೇ ಅಗ್ಗದ್ದಾಗಲಿ, ಅದನ್ನು ಒಳಗೆ ತೂರಿಸಿದ ಗಳಿಗೆಯಲ್ಲಿ ತಮ್ಮಂಥ ಸಜ್ಜನರು ಒಂದು ಪ್ರಶ್ನೆ ಕೇಳುತ್ತಾರೆಂದು ನಮಗಾರಿಗೂ ಗೊತ್ತಿರಲಿಲ್ಲ.

ಮೊದಲ ಬೆಳಗ್ಗೆ ನಾನು ಎರಡು ಬನ್ನು ಕೊಳ್ಳಲು ಬಂದೆ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದ ಬೇಕರಿಯಾಕೆ ತಮ್ಮನ್ನು ನನ್ನತ್ತ ತಿರುಗಿಸಿ ಏನೋ ಕೇಳಿದರು. ತಮ್ಮ ಪರದೆಯ ಮೇಲೆ ಎರಡು ಚೌಕಗಳಿದ್ದವು. ಒಂದರಲ್ಲಿ ಬನ್ನಿನ ಬೆಲೆ ತಮ್ಮ ಊರಿನ ಹಣದಲ್ಲಿ ಬೂದು ಬಣ್ಣದಲ್ಲಿತ್ತು. ಇನ್ನೊಂದರಲ್ಲಿ ಅದೇ ಬೆಲೆ ನಮ್ಮೂರ ಹಣದಲ್ಲಿ, ಎಳೆ ಹುಲ್ಲಿನಂಥ ಹಸಿರಿನಲ್ಲಿ. ಯಾಕಮ್ಮ ಪರದಾಡುತ್ತೀ, ನಿನ್ನ ಮನೆಯ ಹಣದಲ್ಲೇ ಲೆಕ್ಕ ಹಾಕಿಬಿಡಲೇ ಎಂದು ತಾವು ಕೇಳುತ್ತಿದ್ದಿರಿ. ಹಿಂದಿನ ದಿನದಿಂದ ಒಂದು ಪರಿಚಿತ ಅಕ್ಷರವನ್ನೂ ಕಾಣದಿದ್ದ ನನಗೆ ನಮ್ಮೂರಿನವರೇ ಸಿಕ್ಕಂತಾಯಿತು. ಬೇಕರಿಯಾಕೆಯ ಮಾತು ಅರ್ಥವಾಗದಿದ್ದರೂ ಕೇಳಿಸಿಕೊಳ್ಳುತ್ತಿದ್ದೇನೆಂದು ತಿಳಿಸಲು ಹೂಂ ಎಂದು ತಲೆಯಾಡಿಸಿದೆ. ಅವರು ಹಸಿರನ್ನು ಒತ್ತಿದರು.

ನಮ್ಮ ಭಾಷೆಯಲ್ಲಿ ಹೂಂ ಎಂದರೆ ಏನೆಂದು ತಮಗೆ ಯಾರೂ ಹೇಳಿಕೊಟ್ಟಿಲ್ಲವೆಂದು ಕಾಣುತ್ತದೆ. ಹೂಂ ಎಂದರೆ ಆಮೇಲೇನಾಯಿತು ಎಂದರ್ಥ. ಇನ್ನೂ ನಿದ್ದೆ ಹೋಗಿಲ್ಲ ಎಂದರ್ಥ. ಬೇಸರ ಬಂದಿದೆ, ಆದರೆ ಎದ್ದು ಹೋಗಲಾರೆ ಎಂದೂ ಅರ್ಥ. ಒಪ್ಪಿದೆ ಎಂಬುದು ಇವೆಲ್ಲ ಮುಗಿದ ಮೇಲೆ ಜಾಗ ಉಳಿದರೆ ಬರುವ ಅರ್ಥ. ತಮ್ಮ ನಿಘಂಟಿನಲ್ಲಿ ಮಾತ್ರ ಆ ಕೊನೆಯದೊಂದೇ ಇದೆ. ಚಿಕ್ಕಪ್ಪನ ನಿಘಂಟಿನಲ್ಲೂ ಅದೊಂದೇ.

ತಾವು ನನ್ನಿಂದ ದಿನವೂ ಸದ್ದಿಲ್ಲದೆ ಎಷ್ಟೆಷ್ಟು ಹೆಚ್ಚು ತೆಗೆದುಕೊಂಡಿರಿ ಎಂಬುದು ನನಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ಕಾರ್ಡು ಚಿಕ್ಕಪ್ಪನದು, ಪ್ರತಿ ಖರ್ಚಿನ ಮೆಸೇಜೂ ಅವರ ಫೋನಿಗೆ ಬಂದು ಕೂರುತ್ತಿತ್ತು. ಒಂದು ಬೆಳಗ್ಗೆ ಸ್ವತಃ ನೋಟು ಕೊಟ್ಟು ಬನ್ನು ತಂದ ಅವರು, ಕನ್ನಡಕ ಏರಿಸಿ ಆ ಬೆಲೆಯನ್ನೂ ಮೆಸೇಜನ್ನೂ ಹೋಲಿಸಿದರು. “ಏನಮ್ಮ ಇದು, ನಾನು ತಂದ ಬನ್ನಿಗೆ ಒಂದು ರೇಟು, ನೀನು ತಂದ ಬನ್ನಿಗೆ ಇನ್ನೊಂದು ರೇಟಾ? ನಿಂದ್ರಲ್ಲಿ ದ್ರಾಕ್ಷಿ ಜಾಸ್ತಿ ಹಾಕಿದ್ರಾ?” ನಾನು ಹಸಿರು ಚೌಕದ ಕಥೆಯನ್ನು ಆದಷ್ಟು ಸಣ್ಣ ದನಿಯಲ್ಲಿ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. “ಅಯ್ಯೋ ಪೆದ್ದಿ! ನಮ್ಮ ದುಡ್ಡಲ್ಲಿ ಹೇಳ್ತೀನಿ ಅಂದ್ರೆ ರೇಟು ಅವನು ಇಟ್ಟಿದ್ದೇ ಆಯ್ತಲ್ಲ! ಎಲ್ಲಿ ಇದೀವೋ ಅಲ್ಲಿಯ ದುಡ್ಡಲ್ಲೇ ಕೊಡಬೇಕು. ನಿಮ್ಮನೆಯೋರ ಥರ ನೋಡ್ಕೋತೀನಿ ಅಂತ ಯಾರಾದ್ರೂ ಬಂದ್ರೆ, ಮೊದಲು ಬೇಡ ಅನ್ನು, ಆಮೇಲೆ ಏನು ಅಂತ ಕೇಳು.”

ಅಂದು ಚಿಕ್ಕಪ್ಪ ನನ್ನನ್ನು ಬೇಕರಿಗೆ ಕರೆತಂದು ತಮ್ಮ ಮುಂದೆ ನಿಲ್ಲಿಸಿದ್ದು, ಬೆನ್ನ ಹಿಂದೆ ನಿಂತು “ತಲೆ ಆಡಿಸ್ಬೇಡ, ನಗಬೇಡ, ಒತ್ತು” ಎಂದು ಗದರಿದ್ದು ತಮಗೆ ಕೇಳಿಸಿರಬೇಕು. ಬೂದು ಚೌಕವನ್ನು ಒತ್ತಿದರೆ ತಾವು ಕೂಗಿಕೊಳ್ಳುತ್ತೀರಿ, ಬೇಕರಿಯಾಕೆ ಮುಖ ಸಿಂಡರಿಸುತ್ತಾರೆ, ಸಾಲಿನವರೆಲ್ಲ ತಿರುಗಿ ನೋಡುತ್ತಾರೆ ಎಂದುಕೊಂಡಿದ್ದೆ. ಒತ್ತಿದೆ. ತಾವು ಒಂದು ಗಳಿಗೆ ಯೋಚಿಸಿ, ಸರಿ ಎಂದು ಚೀಟಿ ಹರಿದು ಕೊಟ್ಟಿರಿ. ಬೇಸರವಿಲ್ಲ, ಯಾಕೆಂಬ ಪ್ರಶ್ನೆಯಿಲ್ಲ. ಬೇಡ ಎಂದ ಮೇಲೂ ಬನ್ನು ಸಿಕ್ಕಿತು. ಮಾನ್ಯರೇ, ನಾನು ಬೆಳೆದ ಮನೆಯಲ್ಲಿ ಬೇಡ ಎಂದರೆ ಇನ್ನೊಂದು ಸೌಟು ಎಂದರ್ಥ. ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಬಡಿಸುತ್ತಾರೆ. ನನ್ನ ಬೇಡವನ್ನು ಬೇಡವೆಂದೇ ತಿಳಿದುಕೊಂಡವರಲ್ಲಿ ತಾವೇ ಮೊದಲಿಗರು.

ನನ್ನ ದೂರು ಶುರುವಾಗುವುದು ಇಲ್ಲಿಂದ. ಆ ಸುಖದ ರುಚಿ ಹತ್ತಿದ ನಾನು, ಬೇಡ ಎನ್ನುವುದಕ್ಕೆಂದೇ ತಮ್ಮಲ್ಲಿಗೆ ಬರತೊಡಗಿದೆ. ಹಸಿವಿಲ್ಲದಿದ್ದರೂ ಬಿಸ್ಕತ್ತು ಕೊಂಡು ಬೇಡ ಎಂದೆ. ಊದುವವರಿಲ್ಲದಿದ್ದರೂ ಮೇಣದ ಬತ್ತಿ ಕೊಂಡು ಬೇಡ ಎಂದೆ. ಅಗ್ಗದ ದಾರಿ ತಿಳಿಯುವ ಮೊದಲು ಕಳೆದುಕೊಂಡದ್ದಕ್ಕಿಂತ ತಿಳಿದ ಮೇಲೆ ಖರ್ಚು ಮಾಡಿದ್ದೇ ಹೆಚ್ಚಾಯಿತು. ಆದ್ದರಿಂದ ಈ ಕೆಳಗಿನ ಬಿನ್ನಹಗಳನ್ನು ತಾವು ಸಹಾನುಭೂತಿಯಿಂದ ಪರಿಶೀಲಿಸಬೇಕು. ಎರಡು ಚೌಕಗಳ ನಡುವೆ ‘ನೋಡೋಣ’ ಎಂಬ ಮೂರನೆಯದೊಂದನ್ನು ಇಡಬೇಕು. ನಮ್ಮ ಜನ ಇಡೀ ಆಯುಷ್ಯವನ್ನು ಆ ಒಂದು ಗುಂಡಿಯ ಮೇಲೆ ಕಳೆಯಬಲ್ಲರು. ಬೇಡ ಎನ್ನುವಾಗ ತಾವು ಆ ಕಡೆ ಮುಖ ಮಾಡಿಕೊಳ್ಳಬೇಕು. ಇವೆರಡೂ ಆಗದಿದ್ದರೆ, ತಮ್ಮ ಬಳಗದ ಒಬ್ಬರನ್ನು ನಮ್ಮ ಮನೆಯ ಊಟದ ಮೇಜಿಗೆ ವರ್ಗ ಮಾಡಿಸಬೇಕು. ನನ್ನನ್ನು ಯಾರು ಏನೇ ಕೇಳಲಿ, ಎರಡು ಚೌಕಗಳು ಮೂಡಿ, ಒತ್ತುವವರೆಗೂ ಎಲ್ಲರೂ ಸುಮ್ಮನಿರುವಂತಾಗಬೇಕು.

ವರ್ಗಾವಣೆ ತಡವಾಗುತ್ತದೆಂದು ಗೊತ್ತಿದ್ದೋ ಏನೋ, ಅಂಥ ಪ್ರಶ್ನೆಯ ಪ್ರಸಂಗವೊಂದು ತಮ್ಮ ಊರಿನಲ್ಲೇ ಬಂದೊದಗಿತು. ಶುಕ್ರವಾರ, ಪ್ರದರ್ಶನದ ಕೊನೆಯ ದಿನ. ನೀರಿನ ಸಂಪರ್ಕವೇ ಇಲ್ಲದ ನೂರಾರು ನಲ್ಲಿಗಳನ್ನು ಚಿಕ್ಕಪ್ಪ ತಿರುಗಿಸಿ, ಕಿವಿಗೊಟ್ಟು, ಬಾರದ ನೀರಿಗೆ ತಲೆದೂಗಿ ಮುಗಿಸಿದ್ದರು. ಕ್ಯಾಂಟೀನಿನ ಅಲುಗಾಡುವ ಮೇಜಿನ ಮೇಲೆ ಕ್ಯಾಟಲಾಗುಗಳನ್ನು ಪೇರಿಸಿ, ಚಹಾ ಕಲಕುತ್ತ, “ಹೊಸ ಅಂಗಡಿಗೆ ಇವನ್ನೇ ತರಿಸೋಣ. ಮುಂದಿನ ತಿಂಗಳಿಂದ ಪೂರ್ತಿ ನೀನೇ ನೋಡ್ಕೋತೀಯ, ಅಲ್ವಾ?” ಎಂದರು. ನನ್ನ ಹೂಂ ಎದೆಯಲ್ಲಿ ಹುಟ್ಟಿ ಮೂಗಿನವರೆಗೂ ಬಂದಿತ್ತು. ಆಗ ಚಹಾದ ಕಪ್ಪಿನ ಪಕ್ಕದಲ್ಲಿ ತಮ್ಮ ಎರಡು ಚೌಕಗಳು ಬೆಳಗಿದ ಹಾಗಾಯಿತು. “ಬೇಡ ಚಿಕ್ಕಪ್ಪ,” ಎಂದೆ. ಅವರ ಚಮಚ ನಿಂತಿತು. “ಅಯ್ಯೋ, ಅದು ಮೆಷಿನ್‌ಗೆ ಹೇಳು ಅಂದಿದ್ದು ಕಣಮ್ಮ, ನನಗಲ್ಲ!”

ಪ್ರಕಾಶನದ ವಿಷಯ ಹೇಳಿದೆ, ಶನಿವಾರದ ವಿಷಯವನ್ನೂ ಹೇಳಿದೆ. ಸಂಬಳ ಎಷ್ಟೆಂದು ಕೇಳಿದರು, ಅದನ್ನೂ ಹೇಳಿದೆ. ಅವರ ತುಟಿಗಳು ಲೆಕ್ಕ ಹಾಕತೊಡಗಿದವು. “ಅಷ್ಟ್ರಲ್ಲಿ ನಾಲ್ಕು ಒಳ್ಳೆ ನಲ್ಲಿನೂ ಬರಲ್ವಲ್ಲೇ!” ಎಂದರು. “ಅದನ್ನ ನಲ್ಲಿಗೆ ಬದಲಾಯಿಸಿ ನೋಡಬೇಡಿ ಚಿಕ್ಕಪ್ಪ. ಅಲ್ಲಿಯ ದುಡ್ಡಲ್ಲೇ ಇರಲಿ,” ಎಂದೆ. ಅಷ್ಟು ಉದ್ದದ ಮಾತನ್ನು ನಾನು ಅವರೆದುರು ಆಡಿದ್ದು ಅದೇ ಮೊದಲು. ಅವರು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಕ್ಯಾಟಲಾಗುಗಳನ್ನು ಎತ್ತಿಕೊಂಡು ಏಳುತ್ತ, “ಆ ಕುರ್ಚಿ ಏನ್ಮಾಡೋದು ಈಗ?” ಎಂದಷ್ಟೇ ಕೇಳಿದರು. ಅವರು ಕಪ್ಪು ಇಟ್ಟು ಬರಲು ಹೋದಾಗ ನಾನು ಪ್ರಕಾಶನದ ಒಡತಿಗೆ ಬರುತ್ತೇನೆ ಎಂದು ಬರೆದು ಕಳಿಸಿದೆ. ಹೂಂ ಎಂದು ಬರೆಯಲಿಲ್ಲ.

ಈ ಪತ್ರವನ್ನು ನಾನು ಬರೆಯುತ್ತಿರುವುದು ಆ ತಿರುಗುವ ಕುರ್ಚಿಯ ಮೇಲೆ ಕುಳಿತು. ನಿನ್ನೆ ಸಂಜೆ ಚಿಕ್ಕಪ್ಪ ಅದನ್ನು ಸ್ವತಃ ಹೊತ್ತು ತಂದು ನನ್ನ ಕೋಣೆಯಲ್ಲಿಟ್ಟು, ನನ್ನ ಮುಖ ನೋಡದೆ, “ಕರಡು ತಿದ್ದೋರಿಗೆ ಬೆನ್ನು ನೋವು ಬರತ್ತಂತೆ” ಎಂದು ಗೋಡೆಗೆ ಹೇಳಿ ಹೋದರು. ಬೇಕಾ ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ಬೇಡ ಎನ್ನುತ್ತಿರಲಿಲ್ಲ.

ಹಸಿರು ಚೌಕವನ್ನು ಇನ್ನೆಂದೂ ಮುಟ್ಟದ, ಆದರೂ
ತಮ್ಮ ವಿಶ್ವಾಸಿ,
ಕಂದು ಚೀಲದ ಹುಡುಗಿ

ಮರೆತಿದ್ದೆ: ಹಿಂತಿರುಗುವಾಗ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಚಿಕ್ಕಪ್ಪ ಚಿಕ್ಕಮ್ಮನಿಗೆಂದು ಒಂದು ಸೆಂಟಿನ ಸೀಸೆ ಕೊಂಡರು. ಅಲ್ಲಿದ್ದ ತಮ್ಮ ಸೋದರ ಸಂಬಂಧಿ ಅದೇ ಪ್ರಶ್ನೆ ಕೇಳಿದಾಗ, ಎಲ್ಲೋ ನೋಡುತ್ತ ನಿಂತಿದ್ದ ಅವರು ಹೂಂ ಎಂದುಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ, ತಡೆಯಬಹುದಿತ್ತು. ಆದರೆ ಒಂದೇ ವಾರದಲ್ಲಿ ಅವರೆದುರು ಎರಡು ಸಲ ಬೇಡ ಎನ್ನುವಷ್ಟು ಗಟ್ಟಿಗಿತ್ತಿ ನಾನಿನ್ನೂ ಆಗಿಲ್ಲ. ಅಲ್ಲಿ ಹೆಚ್ಚಾಗಿ ಹೋದ ಹಣವನ್ನು ನನ್ನ ಗುರುದಕ್ಷಿಣೆಯೆಂದು ಜಮಾ ಮಾಡಿಕೊಳ್ಳಿ. ರಶೀದಿ ಕಳಿಸುವುದಾದರೆ ದಯವಿಟ್ಟು ತಮ್ಮ ಊರಿನ ಹಣದಲ್ಲೇ ಬರೆಯಿರಿ. ನಮ್ಮ ಮನೆಯ ಲೆಕ್ಕವನ್ನು ನಾವೇ ಹಾಕಿಕೊಳ್ಳುತ್ತೇವೆ.