ಗಂಗಹನುಮಯ್ಯನ ಸೀಸೆಗಳು

ಗಂಗಹನುಮಯ್ಯನ ಫಜೀತಿಗೆಲ್ಲ ಮೂಲ ರಾಗಿಮುದ್ದೆ. ಬೆಂಗಳೂರಿನಲ್ಲಿ ಎಂ.ಡಿ. ಓದುತ್ತಿದ್ದ ಅವನು ಹಳ್ಳಿಯವರ ಸಕ್ಕರೆ ಕಾಯಿಲೆಯ ಮೇಲೆ ಪ್ರಬಂಧ ಬರೆಯುತ್ತೇನೆಂದಾಗ ಪ್ರೊಫೆಸರ್ ಅನಂತರಾಮಯ್ಯನವರು ಕನ್ನಡಕದ ಮೇಲಿಂದ ನೋಡಿ, "ಮುದ್ದೆ ತಿಂದು ಹೊಲದಲ್ಲಿ ಬೆವರು ಹರಿಸೋರಿಗೆ ಆ ಕಾಯಿಲೆ ಎಲ್ಲಿಂದ ಬರತ್ತಯ್ಯ? ಅದು ನಮ್ಮಂಥ ಪಟ್ಟಣದೋರ ಆಸ್ತಿ. ಬೇರೆ ವಿಷಯ ನೋಡ್ಕೋ," ಎಂದಿದ್ದರು.

"ನಮ್ಮೂರಲ್ಲೇ ತೋರಿಸ್ತೀನಿ ಸಾರ್," ಎಂದುಬಿಟ್ಟ ಗಂಗಹನುಮಯ್ಯ. ತರಗತಿಯವರೆಲ್ಲ ಕೇಳಿಸಿಕೊಂಡರು. ಪ್ರೊಫೆಸರಿಗೆ ಆ ಭಾನುವಾರ ಕುಣಿಗಲ್ಲಿನಲ್ಲಿ ಅಣ್ಣನ ಮಗನ ಗೃಹಪ್ರವೇಶವಿತ್ತು. ಸುತ್ತಾದರೂ ಗುಬ್ಬಿಯ ಮೇಲೆ ಹಾಯ್ದು ಹೋಗುತ್ತೇನೆ, ನಾಲ್ಕು ರೋಗಿಗಳನ್ನು ತೋರಿಸಿದರೆ ವಿಷಯ ನಿನ್ನದು, ಇಲ್ಲದಿದ್ದರೆ ಒಂದು ವರ್ಷದ ಓದು ನೀರುಪಾಲು ಎಂದು ಹೇಳಿದರು.

ಗುಬ್ಬಿ ಪಕ್ಕದ ತನ್ನ ಹಳ್ಳಿಗೆ ಅವನು ಒಂದು ಪೆಟ್ಟಿಗೆ ತುಂಬ ಸೀಸೆ ಹೊತ್ತು ತಂದ. ಆದರೆ ಎಮರ್ಜೆನ್ಸಿ ಮುಗಿದು ಒಂದು ವರ್ಷವಾಗಿತ್ತಷ್ಟೆ. ಡಾಕ್ಟರು ಪೆಟ್ಟಿಗೆ ಹಿಡಿದು ಬಂದರೆಂದರೆ ಸಂತಾನಹರಣದ ಆಪರೇಷನ್ನಿಗೇ ಎಂದು ಗಂಡಸರು ಕಬ್ಬಿನ ಗದ್ದೆಗೆ ಓಡುವ ಕಾಲ. ಆಲೆಮನೆಯ ಹೊನ್ನಯ್ಯ ಪಂಚೆಯನ್ನು ಎರಡು ಕೈಯಲ್ಲೂ ಬಿಗಿಹಿಡಿದು ನಿಂತ.

"ಏನ್ಲಾ ಡಾಕ್ಟ್ರೇ, ಆಪರೇಸನ್ ಜೀಪು ನಾಕು ಸಲ ಬಂದಾಗ್ಲೂ ನಾನು ಸಿಕ್ಕಿಲ್ಲ. ಈಗ ನಿನ್ ಕೈಗೆ ಸಿಕ್ತೀನಾ?"

"ಆಪರೇಷನ್ ಅಲ್ಲ ದೊಡ್ಡಪ್ಪ. ಬೆಳಿಗ್ಗೆ ಎದ್ದು ಒಂದಕ್ಕೆ ಹೋಗೋದನ್ನ ಇದರಲ್ಲಿ ಹಿಡಿದು ಕೊಟ್ರೆ ಸಾಕು."

"ಅದನ್ನ ಓದಕ್ಕಾ ನಿಮ್ಮಪ್ಪ ನಿನ್ನ ಬೆಂಗ್ಳೂರಿಗೆ ಕಳ್ಸಿದ್ದು?"

ಕೊನೆಗೆ ಊರನ್ನು ಒಪ್ಪಿಸಿದ್ದು ಸೋದರತ್ತೆ ದೊಡ್ಡಗಂಗಮ್ಮ. ಮಜ್ಜಿಗೆ ಕಡ ತಂದ ಚೆಂಬನ್ನು ಹಿಂದಿರುಗಿಸುವಾಗಲೂ ತಳದಲ್ಲಿ ನಾಲ್ಕು ಹುರಿಗಡಲೆಯಾದರೂ ಹಾಕಿ ಕೊಡುವ ಹೆಂಗಸು ಅವಳು. ಊರಿನಲ್ಲಿ ಅವಳ ಮಾತಿಗೆ ಇಲ್ಲವೆನ್ನುವವರಿರಲಿಲ್ಲ. ಅಂಥದ್ದನ್ನು ನಡುಬೀದಿಯಲ್ಲಿ ಹಿಡಿದುಕೊಂಡು ಬರಲು ಜನಕ್ಕೆ ನಾಚಿಕೆ ಎಂದು ಅವಳಿಗೆ ಗೊತ್ತಿತ್ತು. ಎಲ್ಲರೂ ಸೀಸೆಗಳನ್ನು ತನ್ನ ಹಿತ್ತಲ ಬಾಗಿಲಿಗೆ ತಂದಿಡಲಿ, ಅಲ್ಲಿಂದ ಜಗಲಿಗೆ ಸಾಗಿಸುವುದು ತನ್ನ ಜವಾಬ್ದಾರಿ ಎಂದಳು.

ಭಾನುವಾರ ಬೆಳಿಗ್ಗೆ ಗಂಗಹನುಮಯ್ಯ ಸ್ಪಿರಿಟ್ ದೀಪ ಹಚ್ಚಿ, ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ ಕಾಯಿಸಿ, ಮೊದಲ ಸೀಸೆಯಿಂದ ಹನಿಗಳನ್ನು ಬಿಟ್ಟ. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯಬೇಕು. ಅದು ಹಸಿರಾಯಿತು, ಹಳದಿಯಾಯಿತು, ನೋಡನೋಡುತ್ತ ಹೊಸ ಹೆಂಚಿನಂತೆ ಕೆಂಪಗಾಯಿತು. ಎರಡನೆಯದೂ ಕೆಂಪು. ಮೂರನೆಯದೂ ಕೆಂಪು. ಹೊನ್ನಯ್ಯನದಂತೂ ದಾಸವಾಳ.

ಇಡೀ ಊರೇ ಕೆಂಪಾದಾಗ ಅವನಿಗೆ ಒಂದಿಷ್ಟು ಅನುಮಾನ ಬರಬೇಕಿತ್ತು. ಬಂತು ಕೂಡ. ಆದರೆ ಪ್ರೊಫೆಸರ ಕನ್ನಡಕ ಕಣ್ಣಮುಂದೆ ಬಂದಕೂಡಲೇ ಅನುಮಾನ ಬಾಲ ಮುದುರಿಕೊಂಡು ಹೋಯಿತು. ಒಳಗೊಳಗೇ ಹೆಣ್ಣು ತಂದು ಕೊಟ್ಟು ಮಾಡಿದ ಊರು, ವಂಶಪಾರಂಪರ್ಯವಿರಬೇಕು ಎಂದುಕೊಂಡ. ಜಗಲಿಯ ಮೇಲೆ ನಿಂತು, ಇಂದಿನಿಂದ ಯಾರೂ ಬೆಲ್ಲ ಮುಟ್ಟಬಾರದೆಂದು ಸಾರಿದ.

"ಆಲೆಮನೇಲಿ ಹುಟ್ಟಿದೋನು ನಾನು," ಎಂದ ಹೊನ್ನಯ್ಯ, ಸೊಂಟದಿಂದ ಒಂದು ತುಂಡು ಬೆಲ್ಲ ತೆಗೆದು ಅವನೆದುರಿಗೇ ಬಾಯಿಗೆ ಹಾಕಿಕೊಂಡ. "ಸತ್ರೆ ಬೆಲ್ಲ ತಿಂದೇ ಸಾಯ್ತೀನಿ. ಬರ್ಕೋ ನಿನ್ ಪುಸ್ತಕದಾಗೆ."

ಅಷ್ಟರಲ್ಲಿ ಅಂಬಾಸಿಡರ್ ಕಾರು ಧೂಳೆಬ್ಬಿಸುತ್ತ ಬಂತು. ಸಾಲು ಸಾಲು ಕೆಂಪು ನಳಿಗೆಗಳನ್ನು ನೋಡಿ ಪ್ರೊಫೆಸರು ಹುಬ್ಬೇರಿಸಿದರು. ದ್ರಾವಣ ಕೆಟ್ಟಿರಬೇಕೆಂದು ಬರಿ ನೀರು ಹಾಕಿ ಕಾಯಿಸಿದರು. ನೀಲಿಯಾಗಿಯೇ ಉಳಿಯಿತು. ಆಗ ಅವರು, "ಆರೋಗ್ಯವಂತನದೊಂದು ಬೇಕಲ್ಲಯ್ಯ ಹೋಲಿಸೋಕೆ. ಒಂದು ಸೀಸೆ ಕೊಡು, ನಂದೇ ಕೊಡ್ತೀನಿ," ಎಂದು ಹಿತ್ತಲಿಗೆ ಹೋದರು. ಹಿಂದಿರುಗುವಾಗ ದೊಡ್ಡಗಂಗಮ್ಮ ಅಡ್ಡ ಬಂದು, ಅಷ್ಟು ದೊಡ್ಡವರು ಅಂಥದ್ದನ್ನು ಕೈಯಲ್ಲಿ ಹಿಡಿದು ನಡೆಯುವುದುಂಟೇ ಎಂದು ಸೀಸೆಯನ್ನು ಇಸಿದುಕೊಂಡು ಅಡುಗೆಮನೆಯ ಮೂಲಕ ಜಗಲಿಗೆ ತಂದಳು.

ಅದೂ ಕೆಂಪಾಯಿತು.

ಪ್ರೊಫೆಸರು ಜಗಲಿಯ ಮೇಲೆ ಕುಸಿದು ಕೂತರು. "ಅದಕ್ಕೇ ಈಚೆಗೆ ಬಾಯಾರಿಕೆ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅದಕ್ಕೇ ಕಾಲು ಜೋಮು," ಎಂದರು. ಎದುರಿಗೆ ತಂದಿಟ್ಟ ಪಾನಕವನ್ನು ಹಾವು ಕಂಡವರಂತೆ ದೂರ ತಳ್ಳಿದರು. ಕಾರು ಹತ್ತುವ ಮುಂಚೆ ಶಿಷ್ಯನ ಹೆಗಲ ಮೇಲೆ ಕೈಯಿಟ್ಟು, "ಗೆದ್ದೆ ಕಣಯ್ಯ. ವಿಷಯ ನಿಂದೇ. ನಾಳೆ ನನ್ನ ರಕ್ತ ತೆಗೆದು ಪರೀಕ್ಷೆ ಮಾಡೋನೂ ನೀನೇ, ಇಡೀ ತರಗತಿ ಎದುರಿಗೆ. ಹೋಳಿಗೆ ಕಣ್ಣಲ್ಲಿ ನೋಡಿ ಬರ್ತೀನಿ," ಎಂದು ಕುಣಿಗಲ್ಲಿನ ಕಡೆ ಹೊರಟರು.

ಗಂಗಹನುಮಯ್ಯನಿಗೆ ಕಾಲು ನೆಲದ ಮೇಲಿರಲಿಲ್ಲ. "ಅತ್ತೆ, ನೀನಿಲ್ದಿದ್ರೆ ಇದಾಗ್ತಿರ್ಲಿಲ್ಲ," ಎಂದ.

"ಹೂಂ ಮತ್ತೆ. ನಿನ್ ಮಾನ ಹೋಗ್ಬಾರ್ದಲ್ಲ ಮಗಾ. ಬಂದ ಪಾತ್ರೇನ ಬರಿದಾಗಿ ಕಳಿಸ್ತಾರಾ ಯಾರಾದ್ರೂ? ನಾನೇ ಒಂದೊಂದಕ್ಕೂ ಚೂರು ಬೆಲ್ಲ ಹಾಕ್ದೆ."

"ಬರಿದೆಲ್ಲಿತ್ತು ಅತ್ತೆ? ಸೀಸೆ ತುಂಬಿತ್ತಲ್ಲ!"

"ಅದನ್ನೂ ಒಂದು ಪದಾರ್ಥ ಅಂತ ಲೆಕ್ಕಕ್ಕೆ ಹಿಡೀತಾರೇನ್ಲಾ?" ಎಂದಳು ದೊಡ್ಡಗಂಗಮ್ಮ. "ನಿಮ್ ಮೇಷ್ಟ್ರ ಸೀಸೆಗಂತೂ ಒಂದ್ ಚೂರು ಜಾಸ್ತೀನೆ ಹಾಕ್ದೆ. ದೊಡ್ಡೋರು ಪಾಪ."

ಗಂಗಹನುಮಯ್ಯ ಸೀಸೆಗಳನ್ನು ತಾನೇ ತೊಳೆದು ಮತ್ತೆ ಹಂಚಿ, ಹಿತ್ತಲ ಬಾಗಿಲಲ್ಲಿ ತಾನೇ ಕಾವಲು ನಿಂತ. ಸಂಜೆಯವರೆಗೂ ಕಾಯಿಸಿದ. ನೀಲಿ, ನೀಲಿ, ನೀಲಿ. ದಿನವಿಡೀ ಬೆಲ್ಲ ಕಡಿಯುತ್ತ ಎದುರಿಗೇ ಕೂತಿದ್ದ ಹೊನ್ನಯ್ಯನದು ಎಲ್ಲಕ್ಕಿಂತ ನಿರ್ಮಲ ನೀಲಿ.

"ಈಗೇನ್ಲಾ ಮಾಡ್ತೀಯಾ?" ಎಂದ ಹೊನ್ನಯ್ಯ.

"ನಾಳೆ ನಾನೇ ಅವರಿಗೆ ನಿಜ ಹೇಳ್ತೀನಿ. ವಿಷಯ ಕಿತ್ಕೊಂಡ್ರೆ ಕಿತ್ಕೊಳ್ಲಿ. ಈ ಊರಲ್ಲದಿದ್ರೆ ಇನ್ನೊಂದೂರು. ತಾಲ್ಲೂಕೆಲ್ಲ ತಿರುಗ್ತೀನಿ, ಬುಡಲ್ಲ."

ಅತ್ತೆ ಖಾಲಿ ಸೀಸೆಗಳನ್ನೆಲ್ಲ ತೊಳೆದು, ಒರೆಸಿ, ಪೆಟ್ಟಿಗೆಗೆ ತುಂಬಿ ಕೊಟ್ಟಳು. ಕೊನೆಯ ಬಸ್ಸಿನಲ್ಲಿ ಕೂತು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಾಗ, ಬರುವಾಗ ಇದು ಇಷ್ಟು ಭಾರವಿತ್ತೇ ಎನಿಸಿ ಗಂಗಹನುಮಯ್ಯ ಮುಚ್ಚಳ ತೆಗೆದ. ಒಂದೊಂದು ಸೀಸೆಯೊಳಗೂ ಕುತ್ತಿಗೆಯವರೆಗೆ ಹೊಸ ಬೆಲ್ಲದ ಪುಡಿ ತುಂಬಿತ್ತು.